ಹಲಗೆಯ ಮೇಲಿನ ಎರಡಕ್ಷರ

ಬಾವೊಜಿ
೧೬ ಡಿಸೆಂಬರ್ ೧೯೪೪, ಸಂಜೆ ಐದು ಗಂಟೆ

ಪ್ರೀತಿಯ ತಮ್ಮ ತಿಂಗ್‌ಯುವಾನ್,

ಇವತ್ತು ಬೆಳಿಗ್ಗೆ ಉಣ್ಣೆ ತೊಳೆದೆವು, ಮಧ್ಯಾಹ್ನ ಸೈನ್ಯಕ್ಕೆ ಹೋಗುವ ಕಂಬಳಿಗಳನ್ನು ಮಡಿಸಿ ಕಟ್ಟಿದೆವು. ನಿನ್ನ ಕೆಮ್ಮು ಹೇಗಿದೆ? ನೀನೀಗ ಜೊತೆಗಿರುವ ಆ ಅಮೆರಿಕದ ಸೈನಿಕರ ಡಬ್ಬಿ ಮಾಂಸ ಹೊಟ್ಟೆಗೆ ಒಗ್ಗಿತೇ? ಕುನ್‌ಮಿಂಗ್‌ನಲ್ಲಿ ಇಷ್ಟು ಚಳಿ ಇಲ್ಲವೆಂದು ಕೇಳಿ ಸಮಾಧಾನವಾಯಿತು. ನಾನು ಚೆನ್ನಾಗಿದ್ದೇನೆ. ಆದರೆ ಈ ಕಾಗದ ಶುರುಮಾಡಿ ಮೂರು ಸಲ ಎದ್ದು ಓಡಾಡಿದೆ. ಕೂತಲ್ಲಿ ಕೂರಲಾಗುತ್ತಿಲ್ಲ.

ದೂರದಿಂದ ಬಂದ ಕಾಗದವನ್ನು ನೇಕಾರರ ಸಂಘದಲ್ಲಿ ಎಲ್ಲರ ಮುಂದೆ ಓದುವುದು ನಮ್ಮ ರೂಢಿಯಲ್ಲವೇ, ನಿನ್ನದನ್ನೂ ಅಧ್ಯಕ್ಷ ಪೆಂಗ್ ಅಣ್ಣ ಓದಿದ. ಹುರುಪಿನಿಂದ ಮುನ್ನುಗ್ಗುವವನನ್ನು ಆ ಸೈನಿಕರು 'ಗಂಗ್ ಹೋ' ಎನ್ನುತ್ತಾರೆ, ನಮ್ಮ ಸಂಘದ ಬಾಗಿಲ ಹಲಗೆಯ ಮೇಲಿನ ಮಾತಿಗೆ ಆ ಅರ್ಥ ಎಲ್ಲಿಂದ ಬಂತು ಎಂದು ಕೇಳಿದ್ದೆಯಲ್ಲ, ಅಲ್ಲಿಗೆ ಬರುವಷ್ಟರಲ್ಲಿ ಎಲ್ಲರೂ ನಗತೊಡಗಿದರು. ನೂಲುವ ಹೌ ಅತ್ತೆ, "ಹುರುಪಂತೆ ಹುರುಪು! ಚಳಿಗೆ ಬೆರಳು ಸೆಟೆದು ಎಳೆ ಹಿಡಿಯೋಕಾಗ್ದೆ ಅಳ್ತಿದ್ವಲ್ಲ, ಅದನ್ನೂ ಬರೀರಪ್ಪ ಆ ದೊರೆಗಳಿಗೆ" ಎಂದಳು. ಪೆಂಗ್ ಅಣ್ಣ, "ಬರಿಯೋದ್ಯಾಕತ್ತೆ, ನಿನ್ನನ್ನೇ ಕಳಿಸ್ತೀವಿ, ಯುದ್ಧ ಬೇಗ ಮುಗಿಯುತ್ತೆ" ಎಂದ.

ನನಗೆ ತಿಳಿದಷ್ಟು ಹೇಳುತ್ತೇನೆ. 'ಕೈಗಾರಿಕಾ ಸಹಕಾರ' ಎಂಬ ಉದ್ದ ಹೆಸರಿನಿಂದ ಹೆಕ್ಕಿದ ಎರಡಕ್ಷರ ಅದು. ಒಂದು ಕೆಲಸ, ಇನ್ನೊಂದು ಕೂಡುವುದು. ಇಲ್ಲಿಗೆ ಬಂದುಹೋದ ಯಾರೋ ವಿದೇಶಿ ಅದನ್ನು ಮೆಚ್ಚಿ ಒಯ್ದು ಸೈನಿಕರಿಗೆ ಘೋಷಣೆಯಾಗಿ ಕಲಿಸಿರಬೇಕು, ಅವರು ಕೂಗುವಾಗಿನ ಹುರುಪೇ ಆ ಮಾತಿನ ಅರ್ಥವಾಗಿರಬೇಕು ಎನ್ನುತ್ತಾನೆ ಪೆಂಗ್ ಅಣ್ಣ. ನಮ್ಮ ಅಪ್ಪನಲ್ಲಿ ಯಾವತ್ತಾದರೂ ಹುರುಪು ಕಂಡಿದ್ದೀಯಾ? "ಸಭೆಗೆ ಹೋಗೋದಕ್ಕಿಂತ ಹಲ್ಲು ಕೀಳಿಸ್ಕೊಳ್ಳೋದು ವಾಸಿ" ಎಂದು ಗೊಣಗುತ್ತಲೇ ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಎಲ್ಲರಿಗಿಂತ ಕೊನೆಗೆ ಕೈ ಎತ್ತುತ್ತಿದ್ದ. ಎತ್ತಿದ ಮೇಲೆ ಹಿಂದೆಗೆಯುತ್ತಿರಲಿಲ್ಲ.

ವಸಂತದ ಹಬ್ಬಕ್ಕೆ ಬರುತ್ತೇನೆ, ನನ್ನ ಮಗ್ಗ ಉಳಿಸಿಕೊಂಡಿರು ಎಂದು ಬರೆದಿದ್ದೀಯ. ಮೂರು ತಿಂಗಳು ಖಾಲಿ ಬಿಟ್ಟವರ ಮಗ್ಗ ಕಾದವರಿಗೆ ಹೋಗಬೇಕೆಂಬ ನಿಯಮ ನಿನಗೆ ಗೊತ್ತು. ತನ್ನ ಕೆಲಸ ಮುಗಿಸಿ ಅಪ್ಪ ನಿನ್ನ ಮಗ್ಗದಲ್ಲೂ ಕೂರುತ್ತಿದ್ದ, ಅದಕ್ಕೇ ಅದು ನಿನ್ನದಾಗಿ ಉಳಿದಿತ್ತು. ಸೆಪ್ಟೆಂಬರಿನಲ್ಲಿ ಅವನು ತೀರಿಹೋದಂದಿನಿಂದ ಅದರ ಮೇಲೆ ಧೂಳು ಕೂತಿದೆ. ಹೆನಾನ್‌ನಿಂದ ಮಕ್ಕಳೊಂದಿಗೆ ಓಡಿಬಂದ ಫಾನ್ ಎಂಬ ಹೆಂಗಸು ಮೂರು ತಿಂಗಳಿಂದ ಉಣ್ಣೆ ಹಿಂಜುತ್ತಾ ಸರದಿ ಕಾಯುತ್ತಿದ್ದಾಳೆ. ದಾಟಿಹೋಗುವಾಗ ನಿನ್ನ ಮಗ್ಗದ ಹಾಸಿನ ಸಡಿಲವಾದ ಎಳೆಗಳನ್ನು ಬಿಗಿಮಾಡುತ್ತಾಳೆ, ನಾನು ನೋಡಿದರೆ ಕೈ ಹಿಂದೆಗೆಯುತ್ತಾಳೆ. ನಮ್ಮ ಮನೆಯಲ್ಲಿ ಸಾವಾಗಿದೆಯೆಂದು ಸಂಘದಲ್ಲಿ ಯಾರೂ ಆ ಮಾತೆತ್ತುವುದಿಲ್ಲ. ಎತ್ತಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ.

ಹೌ ಅತ್ತೆ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಮೈ ಬೆಚ್ಚಗಿಟ್ಟುಕೊ, ಬಿಸಿನೀರೇ ಕುಡಿ.

ನಿನ್ನ ಅಕ್ಕ,
ಚಿಯಾವ್‌ಯುನ್

ಅಂಚೆಯವನು ಬಾಗಿಲಲ್ಲಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನ ಮಗ್ಗವನ್ನು ಫಾನ್‌ಗೆ ಕೊಡುವ ಮಾತನ್ನು ಸಭೆಯಲ್ಲಿ ನಾನೇ ಎತ್ತುತ್ತೇನೆ, ಮೊದಲ ಕೈಯೂ ನನ್ನದೇ. ಬೈಯುವುದಿದ್ದರೆ ನನ್ನನ್ನು ಬೈ, ಅವಳನ್ನಲ್ಲ. ನೀನು ಬಂದ ಮೇಲೆ ಸರದಿಯಲ್ಲಿ ಕಾಯಬೇಕಾಗುತ್ತದೆ. ಸಭೆ ನಾಳೆ ಬೆಳಿಗ್ಗೆ ಏಳಕ್ಕೆ.