ಬೋಲ್ಟು ಸಡಿಲಿಸಿದವರು ಯಾರು, ಕಾಕಾ?

ಕಾಕಾ,

ನಿನ್ನ ಅಣ್ಣನ ಮಗ ಈರಣ್ಣ ಬರೆಯುತ್ತಿದ್ದೇನೆ. ನೀನಿದ್ದಾಗ ಎದುರಿಗೆ ಕುಳಿತು ಕೇಳಲು ನನಗೆ ಎಂದೂ ಬಾಯಿ ಬರಲಿಲ್ಲ. ಈಗ ಕೇಳಬೇಕೆಂದರೆ ನೀನೇ ಇಲ್ಲ. ನಿನ್ನ ಕಾರಿನಿಂದ ಎಣ್ಣೆ ಸೋರಿದ ಕಥೆ ಇದು. ಮೊದಲು ಊರವರ ಮೇಲೆಲ್ಲ ಸಂಶಯಪಟ್ಟೆ. ಕೊನೆಗೆ ಸಂಶಯ ನಿನ್ನ ಮೇಲೇ ಬಂದು ನಿಂತಿದೆ.

ಮಲ್ಲಪ್ಪ ಸಾಹುಕಾರ ಕಾರು ನೋಡಲು ಬಂದ ಮೊದಲ ದಿನ ನೆನಪಾಗುತ್ತದೆ. ಬಬಲೇಶ್ವರದ ಒಣದ್ರಾಕ್ಷಿ ವ್ಯಾಪಾರಿ. ನೀನು ತೀರಿಕೊಂಡು ಇನ್ನೂ ಹೆಚ್ಚು ದಿನ ಆಗಿರಲಿಲ್ಲ, ಅಪ್ಪ ಕಾರು ಮಾರುವುದೆಂದು ಊರಿಗೆಲ್ಲ ಹೇಳಿಬಿಟ್ಟಿದ್ದ. ಟಿಕೋಟದಿಂದ ವಿಜಯಪುರಕ್ಕೆ ಬಾಡಿಗೆ ಹೊಡೆದು ನೀನು ಮನೆ ನಡೆಸಿದ ಕಾರು. ಇನ್ನು ಮುಂದೆ ನಾನು ಓಡಿಸಬೇಕೆಂದು ಮನಸ್ಸಿನಲ್ಲಿತ್ತು. ಲೈಸೆನ್ಸೂ ಕೈಗೆ ಬಂದಿತ್ತು. ಆದರೆ ಅಪ್ಪನ ಮುಂದೆ ಅದನ್ನು ಹೇಳುವುದು ಹೇಗೆ?

ಮಲ್ಲಪ್ಪ ಧೋತರ ಎತ್ತಿ ಹಿಡಿದು ಬಗ್ಗಿದ. ಎಂಜಿನ್ನಿನ ಕೆಳಗೆ ಅಂಗೈಯಗಲದ ಕಪ್ಪು ಕಲೆ. ಬೆರಳಿಗೆ ಹಚ್ಚಿ ಮೂಸಿದ.

“ಯಜಮಾನ ಹೋದನಂತ ಗಾಡಿನೂ ಅಳಾಕತ್ತೈತಲ್ರಿ! ಮೊದಲ ಎಣ್ಣಿ ನಿಂದರಸ್ರಿ, ಆಮ್ಯಾಲ ಮಾತಾಡೂಣು.”

ಅಪ್ಪ ನನ್ನ ಕಡೆ ಕಣ್ಣು ಬಿಟ್ಟ. “ದಿನಾ ಒರಸ್ತಿಯಲ್ಲೊ, ಕೆಳಗ ಬಗ್ಗಿ ನೋಡಾಕ ಏನಾಗಿತ್ತಲೇ?”

ಅಥಣಿ ರಸ್ತೆಯ ನಿನ್ನ ಗೆಳೆಯ ದಸ್ತಗೀರ ಚಾಚಾನ ಗ್ಯಾರೇಜಿಗೆ ಒಯ್ದೆ. ಹಳೆಯ ಎಣ್ಣೆ ಇಳಿಸಲು ಬಿಚ್ಚುತ್ತಾರಲ್ಲ, ಆಯಿಲ್ ಚೇಂಬರಿನ ತಳದ ಬೋಲ್ಟು, ಅದೇ ಸಡಿಲಾಗಿದೆ ಎಂದು ಬಿಗಿದು ಕೊಟ್ಟ. ಅದಾದ ಮೇಲೆ ಒಂದು ಹನಿಯೂ ಬೀಳಲಿಲ್ಲ. ಮಲ್ಲಪ್ಪ ಮತ್ತೆ ಬರುತ್ತೇನೆಂದು ಫೋನ್ ಮಾಡಿದ ಮರುದಿನ ನೋಡುತ್ತೇನೆ, ಮತ್ತದೇ ಕಲೆ! ದಸ್ತಗೀರನಿಗೆ ಈ ಕಾರಿನ ಮೇಲೆ ಕಣ್ಣಿದೆ ಎಂದು ಒಮ್ಮೆ ನೀನೇ ಹೇಳಿದ್ದೆಯಲ್ಲವೇ? ಸೋರುವಂತೆ ಮಾಡಿ ಅಗ್ಗಕ್ಕೆ ಹೊಡೆಯಲು ಅವನೇ ಏನಾದರೂ... ಹೋಗಿ ಗ್ಯಾರೇಜಿನ ಬಾಗಿಲಲ್ಲಿ ಸುಮ್ಮನೆ ನಿಂತೆ. ಮುಖ ನೋಡಿಯೇ ಅವನಿಗೆ ತಿಳಿಯಿತು.

“ನನ್ನ ಮ್ಯಾಲ ಡೌಟ್ ಐತೇನಲೇ? ವಾಷರ್ ಸವದಿರಬೇಕು, ಹೊಸಾದು ಹಾಕು. ಎಣ್ಣಿ ಸೋರೂದಕ್ಕ ವಾಷರ್ ಸಿಗತೈತಿ, ಸಂಶೇಕ್ಕ ಸಿಗೂದಿಲ್ಲ ನೋಡು.”

ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ತಾಮ್ರದ ವಾಷರ್ ತಂದೆ. ಬೇರೆಯವರ ಕೈ ಸೋಕಬಾರದೆಂದು ನಾನೇ ಕಾರಿನ ಕೆಳಗೆ ನುಗ್ಗಿದೆ. ಎಣ್ಣೆ ಇಳಿಸಲು ಬೋಗುಣಿ ಬೇಕೆಂದು ಕೂಗುವ ಮೊದಲೇ ನಿನ್ನ ಹೆಂಡತಿ, ನನ್ನ ಚಿಗವ್ವ, ತಂದಿಟ್ಟಳು. ಬೋಲ್ಟು ಬಿಚ್ಚುವ ಪಾನಾ ಯಾವುದೆಂದು ಪೆಟ್ಟಿಗೆಯಲ್ಲಿ ತಡಕಾಡುತ್ತಿದ್ದರೆ, “ಹದಿನೇಳರದು, ತಗೋ” ಎಂದು ಕೈಗಿಟ್ಟಳು. ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ವಾಷರ್ ಹಾಕಿ ಬಿಗಿದು, ಎಣ್ಣೆ ತುಂಬಿ, ಒರೆಸಿ, ತಂಗಿಯ ಕೆಂಪು ನೇಲ್ ಪಾಲಿಶ್ ತಂದು ಬೋಲ್ಟಿನಿಂದ ಚೇಂಬರಿನವರೆಗೆ ಒಂದು ಗೆರೆ ಎಳೆದೆ. ಬೋಲ್ಟನ್ನು ಯಾರಾದರೂ ತಿರುಗಿಸಿದರೆ ಗೆರೆ ಮುರಿಯಲೇಬೇಕು.

ಮಲ್ಲಪ್ಪ ಎರಡನೆಯ ಸಲ ಬಂದ ಮುಂಜಾನೆ ಗೆರೆ ಮುರಿದಿತ್ತು, ಕಾಕಾ. ಕೆಳಗೆ ಎಣ್ಣೆ. “ಇದು ಗಾಡಿ ಅಲ್ರಿ, ಗಾಣ!” ಎಂದು ನಕ್ಕು, ಹೇಳಿದ್ದ ಬೆಲೆಯನ್ನೂ ಇಳಿಸಿ ಹೋದ. ಅವನದೇ ಕೆಲಸವೇ ಎಂದುಕೊಂಡೆ. ಆದರೆ ಬಬಲೇಶ್ವರದಿಂದ ಬಂದು ನಮ್ಮ ಅಂಗಳದಲ್ಲಿ ಮಲಗಿ ಬೋಲ್ಟು ತಿರುಗಿಸಿ ಹೋಗಲು ಅವನಿಗೆ ಸಾಧ್ಯವೇ? ಕೈ ಮನೆಯದೇ ಇರಬೇಕು. ಅಂದಿನಿಂದ ಅಪ್ಪನ ಉಗುರನ್ನೂ ತಂಗಿಯ ಲಂಗದ ಅಂಚನ್ನೂ ಕದ್ದು ನೋಡತೊಡಗಿದೆ. ಊಟಕ್ಕೆ ಕುಳಿತರೆ ಯಾರು ಕೈಯನ್ನು ಹೆಚ್ಚು ಉಜ್ಜಿ ತೊಳೆಯುತ್ತಾರೆ ಎಂದೇ ನನ್ನ ಲಕ್ಷ್ಯ.

ಮೂರನೆಯ ಸಲ ಮಲ್ಲಪ್ಪ ಬರುವ ಹಿಂದಿನ ದಿನ ಮಧ್ಯಾಹ್ನ, ಎಲ್ಲರೂ ಉಂಡು ಅಡ್ಡಾಗಿದ್ದಾಗ, ಜೋಳದ ಚೀಲಗಳ ಹಿಂದೆ ಕುಳಿತು ಕಾದೆ. ಒಳಗಿನಿಂದ ಚಿಗವ್ವ ಬಂದಳು. ಸೆರಗಿನ ಕೆಳಗಿನಿಂದ ಪಾನಾ ತೆಗೆದಳು. ಗೋಣಿತಟ್ಟು ಹಾಸಿ ಅಂಗಾತ ಮಲಗಿ ಕೆಳಗೆ ಸರಿದಳು. ತಡಕಾಟವಿಲ್ಲ, ಅವಸರವಿಲ್ಲ. ಒಂದೇ ಸಲ ಎಳೆದು, ಹನಿ ಮೂಡುವವರೆಗೆ ಬೆರಳು ಹಿಡಿದು ನೋಡಿ, ಹೊರಗೆ ಬಂದಳು. ಕಣ್ಣಿಗೆ ಕಣ್ಣು ಕೂಡಿತು.

“ನೋಡಿದಿ?”

“ಹ್ಞೂಂ.”

“ಹೋಗಿ ಹೇಳು ಹಂಗಾರ ನಿಮ್ಮಪ್ಪಗ.” ನಾನು ಚೀಲಗಳ ಹಿಂದಿನಿಂದ ಎದ್ದು ಬಂದೆ. ಅವಳು ಬೆರಳಿನ ಎಣ್ಣೆಯನ್ನು ಗೋಣಿತಟ್ಟಿಗೆ ಒರೆಸಿದಳು. “ಗಾಡಿ ಮಾರ್ಲೇನು ಅಂತ ನನಗ ಯಾರರ ಒಂದ ಮಾತ ಕೇಳ್ಯಾರೇನೊ? ಸಾಹುಕಾರ ಬಂದಾನ, ಚಾ ಇಡು, ಅಷ್ಟಽ. ನಾ ಬ್ಯಾಡಂದ್ರ ಯಾರ ಕೇಳ್ತಾರ? ಅದಕ್ಕ ಎಣ್ಣಿ ಕಡಿಂದ ಹೇಳಿಸೀನಿ.”

“ಎಣ್ಣಿ ಇಲ್ದ ಎಂಜಿನ್ ಹೊತ್ತಿದ್ರ, ಚಿಗವ್ವಾ?”

“ಕೀಲಿ ನನ್ನ ಕಡೆ ಐತಲ್ಲೊ, ಹುಚ್ಚಪ್ಯಾಲಿ. ಹೊತ್ತಾಕ ಬಿಡ್ತೀನೇನು?”

“ಈ ಕೆಲಸ ಯಾರ ಕಲಿಸ್ಯಾರ ನಿನಗ?”

“ನಿಮ್ಮ ಕಾಕಾ. ಸೊಂಟ ಹಿಡಕೊಂಡ ಮ್ಯಾಲ ಅಂವ ಗಾಡಿ ಕೆಳಗ ಹೋಗೇ ಇಲ್ಲ. ಎಣ್ಣಿ ಬದಲಿ ಮಾಡೂದು, ವಾಷರ್ ಹಾಕೂದು, ಎಲ್ಲಾ ನಾನಽ.”

ಈಗ ಹೇಳು, ಕಾಕಾ. ಎಣ್ಣೆ ಬದಲಿಸುವ ದಿನ “ಎಲ್ಲಾರೂ ಒಳಗ ನಡ್ರಿ, ಕಾಲಾಗ ಬರಬ್ಯಾಡ್ರಿ” ಎಂದು ನೀನು ಬಾಗಿಲು ಹಾಕಿಸುತ್ತಿದ್ದದ್ದು ಇದಕ್ಕೇನೋ? ಆಮೇಲೆ ಕೈಯೆಲ್ಲ ಕಪ್ಪು ಮಾಡಿಕೊಂಡು, ಸೀಮೆಎಣ್ಣೆಯ ಬಟ್ಟೆಯಿಂದ ಉಜ್ಜುತ್ತ, “ಸಾಕಾತಪ್ಪೊ” ಎಂದು ಬರುತ್ತಿದ್ದೆ. ಆ ಕಪ್ಪನ್ನು ನೀನೇ ಬಳಿದುಕೊಳ್ಳುತ್ತಿದ್ದೆಯಾ? ಚಿಗವ್ವನನ್ನು ಕೇಳಿದರೆ ನಗುತ್ತಾಳೆಯೇ ಹೊರತು ಹೇಳುವುದಿಲ್ಲ. ನಾಚಿಕೆಗೆ ಮುಚ್ಚಿಟ್ಟೆಯೋ, ಅವಳನ್ನು ಊರು ಆಡಿಕೊಂಡೀತೆಂದು ಮುಚ್ಚಿಟ್ಟೆಯೋ...

ಮರುದಿನ ಮಲ್ಲಪ್ಪ ಮುಂಗಡ ಹಿಡಿದೇ ಬಂದ. ಸೋರಿದರೂ ಸರಿ, ಇನ್ನಷ್ಟು ಇಳಿಸಿ ತೆಗೆದುಕೊಳ್ಳುವ ಲೆಕ್ಕ. ಅಪ್ಪ ಹ್ಞೂಂ ಅನ್ನುವುದರಲ್ಲಿದ್ದ. ಅಷ್ಟರಲ್ಲಿ ನನ್ನ ಬಾಯಿಂದ ಮಾತು ಹೊರಗೆ ಬಂತು.

“ಅಪ್ಪಾ, ಚಿಗವ್ವನ್ನ ಕೇಳು.”

“ಏನಂದಿ?”

“ಗಾಡಿ ಚಿಗವ್ವಂದು. ಆಕಿನ್ನ ಕೇಳು.”

ಮಲ್ಲಪ್ಪನ ಕೈಯ ಚಹಾದ ಬಸಿ ಅಲ್ಲೇ ನಿಂತಿತು. ಬಾಗಿಲಿನಿಂದ ಚಿಗವ್ವ ಹೊರಗೆ ಬಂದಳು. “ಭಾವಾರ, ಮಾರೂದಿಲ್ರಿ. ಈರಣ್ಣ ಹೊಡೀತಾನ. ಕೆಳಗಿಂದು ನಾ ನೋಡ್ಕೋತೀನಿ.” ಅಷ್ಟಂದು, ಎಲ್ಲರೆದುರೇ ಪಾನಾ ತೆಗೆದುಕೊಂಡು ಗೋಣಿತಟ್ಟು ಹಾಸಿದಳು. ಅಪ್ಪ ಎದ್ದು ತನ್ನ ಕುರ್ಚಿಯನ್ನು ಹಿಂದಕ್ಕೆ ಸರಿಸಿ ಅವಳಿಗೆ ಜಾಗ ಮಾಡಿಕೊಟ್ಟ. ಒಪ್ಪಿ ಸರಿಸಿದನೋ, ಬಟ್ಟೆಗೆ ಎಣ್ಣೆ ಹತ್ತೀತೆಂದು ಸರಿಸಿದನೋ, ನನಗೆ ಇನ್ನೂ ಗೊತ್ತಾಗಿಲ್ಲ. ಕೇಳಲು ಹೋಗಿಲ್ಲ.

ಇಂದು ಮುಂಜಾನೆ ಫೋನ್ ಬಂತು. ಮಲ್ಲಪ್ಪನೇ. “ಗಾಡಿ ಅಂತೂ ಕೊಡಲಿಲ್ಲ, ಬಾಡಿಗಿಗರ ತರ್ತಿ ಇಲ್ಲೋ? ನಾಳಿ ಮಗಳನ್ನ ವಿಜಾಪುರಕ್ಕ ದವಾಖಾನಿಗೆ ಕರಕೊಂಡ ಹೋಗೂದೈತಿ.” ಬಬಲೇಶ್ವರದಲ್ಲಿ ಬೇರೆ ಕಾರುಗಳಿಲ್ಲವೇ? ನಮ್ಮದೇ ಏಕೆ ಬೇಕು ಅವನಿಗೆ? ತನ್ನ ಅಂಗಳದಲ್ಲಿ ನಿಲ್ಲಿಸಿಕೊಂಡು, ಎಣ್ಣೆ ಬೀಳುತ್ತದೋ ಎಂದು ಕೆಳಗೆ ನೋಡುವ ಹಂಚಿಕೆ ಇರಬೇಕು. ಚಿಗವ್ವನಿಗೂ ಹಾಗೇ ಅನಿಸಿದೆ. ಅದಕ್ಕೇ ನಾಳೆ ಹೇಳಿದ ವೇಳೆಗಿಂತ ಒಂದು ತಾಸು ಮೊದಲೇ ಹೋಗುತ್ತೇನೆ. ಅವನ ಬಾಗಿಲ ಮುಂದೆ, ಅವನು ತೊಳೆಸಿಟ್ಟ ಬಿಳಿ ಫರಸಿಕಲ್ಲಿನ ನೆಲದ ಮೇಲೆ ನಿಲ್ಲಿಸುತ್ತೇನೆ. ಬಗ್ಗಿ ನೋಡಲಿ ಅವನು, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು.

ನಿನ್ನ
ಈರಣ್ಣ