ಅವ್ವನ ನೀಲಿ ಡಬ್ಬಿ

ಕ್ರೋಯ್ಡನ್
೧೨ ಮಾರ್ಚ್ ೨೦೦೧

ಅಪ್ಪಾಜಿಗೆ ಸೌಂದರ್ಯಾಳ ನಮಸ್ಕಾರ.

ಮೆಡಿಕಲ್ ಬಿಟ್ಟು ಡೆಂಟಲ್ ಸೇರುವ ಅರ್ಜಿಯನ್ನು ಇವತ್ತು ಕಳಿಸಿದೆ. ನಿನ್ನೆ ನೀವು, "ಡಾಕ್ಟರನ ಮಗಳು ಹಲ್ಲು ಕೀಳಾಕ ಹೊಂಟಾಳೇನು?" ಎಂದು ಫೋನ್ ಇಟ್ಟುಬಿಟ್ಟಿರಿ. ಅದಕ್ಕೇ ಈ ಪತ್ರ.

ಅವ್ವ ಹೋದಾಗ ನೀವು ಡ್ಯೂಟಿ ಮುಗಿಸಿ ಇನ್ನೂ ರೈಲಿನಲ್ಲಿದ್ದಿರಿ. ಅವಳ ಬಾಯಿಗೆ ಗಂಗೆ ಬಿಟ್ಟವಳು ನಾನೊಬ್ಬಳೇ. ಉಸಿರು ನಿಂತ ಮೇಲೆ ನೋಡಿದರೆ, ಹಲ್ಲಿನ ಸೆಟ್ಟು ತೆಗೆದಿದ್ದ ಆ ಮುಖ ಬೇರೆ ಯಾರದೋ ಆಗಿತ್ತು. ಹಿಂದಿನ ದಿನವಷ್ಟೇ ಅವ್ವ, "ನಿಮ್ಮಪ್ಪಾರಿಗೆ ನನ್ನ ಬೊಚ್ಚು ಬಾಯಿ ತೋರಸಬ್ಯಾಡ, ತಂಗಿ" ಅಂದಿದ್ದಳು. ಡಬ್ಬಿಯಿಂದ ಸೆಟ್ಟು ತೆಗೆದು, ತೊಳೆದು, ನಾನೇ ಕೂರಿಸಿದೆ.

ಆಮೇಲೆ ನೀವು ಬಂದಿರಿ. ಬಹಳ ಹೊತ್ತು ನೋಡಿ, "ನಕ್ಕೋತ ಮಲಗಿದಂಗ ಅದಾಳ" ಅಂದಿರಿ.

ನಿಮ್ಮ ಮೂವತ್ತು ವರ್ಷದ, ನನ್ನ ಎರಡು ವರ್ಷದ ಮೆಡಿಕಲ್‌ನಿಂದ ಅವಳಿಗೆ ಏನೂ ಮಾಡಲಾಗಲಿಲ್ಲ, ಅಪ್ಪಾಜಿ. ಇದೊಂದು ನನ್ನ ಕೈಯಿಂದ ಆಯಿತು.

ನಿಮ್ಮ ಬಿ.ಪಿ. ಮಾತ್ರೆ ಮೈಕ್ರೋವೇವ್ ಪಕ್ಕದಲ್ಲಿದೆ, ಮರೆಯಬೇಡಿ. ಅಲ್ಲೇ, ನಮ್ಮ ಪಿನ್ನರ್ ಮನೆಯ ಬಚ್ಚಲಲ್ಲಿರುವ ನೀಲಿ ಡಬ್ಬಿ ಅವ್ವನ ಸೆಟ್ಟಿನದು. ಈಗ ಖಾಲಿಯಿದೆ. ಎಸೆಯಬೇಡಿ.

ನಿಮ್ಮ ಮಗಳು,
ಸೌಂದರ್ಯಾ