ಅಪ್ಪ ಒಡೆಯದ ಗಿಟಾರ್

ಹೆಲೆನಾ, ಅರ್ಕಾನ್ಸಾ
ಅಕ್ಟೋಬರ್ 1958

ಡ್ಯೂಯಿ,

‘ಪ್ರೀತಿಯ ತಮ್ಮ’ ಎಂದು ಬರೆಯಲು ಕೈ ಬರಲಿಲ್ಲ. ಚರ್ಚಿನಲ್ಲಿ ನನ್ನ ಪಕ್ಕ ನಿಂತು ಹಾಡುತ್ತಿದ್ದವನು ನೀನು; ನಿನ್ನ ರಾಕ್ ಅಂಡ್ ರೋಲ್ ಈಗ ದೇಶದ ಮೂಲೆಮೂಲೆಯಲ್ಲೂ ಕೇಳಿಸುತ್ತದೆ. ಅಷ್ಟು ಹೆಸರು ಬಂದದ್ದು ಸಾಲಲಿಲ್ಲವೇ? “ಹಾಡಿದ್ದಕ್ಕೆ ಅಪ್ಪ ನನ್ನ ಮೊದಲ ಗಿಟಾರ್ ಒಡೆದುಹಾಕಿದ” ಎಂದು ಟೆಲಿವಿಷನ್ನಿನಲ್ಲಿ ಕಣ್ಣೊರೆಸಿಕೊಂಡೆಯಲ್ಲ!

ಕುಡಿದು ಹತ್ತಿಯ ಲಾರಿಯಿಂದ ಬಿದ್ದು ಅದನ್ನು ಮುರಿದವನು ನೀನು. ಅಂಟು ಹಚ್ಚಿ ಸರಿಮಾಡಿಕೊಟ್ಟದ್ದು ಅಪ್ಪ. ಮೆಂಫಿಸ್‌ನಲ್ಲಿ ಮೊದಲ ರೆಕಾರ್ಡಿಗೆ ನೀನು ನುಡಿಸಿದ್ದೂ ಅದನ್ನೇ.

ಈಗ ಅಪ್ಪ ಕ್ಷೌರದಂಗಡಿಗೆ ಕಾಲಿಟ್ಟರೆ ಅಲ್ಲಿದ್ದವರ ಮಾತು ನಿಲ್ಲುತ್ತದೆ. “ಅವರಿಗೆ ನಿಜ ಹೇಳಿಬಿಡಪ್ಪಾ” ಅಂದೆ. ಅವನು ತನ್ನ ಕೈಗಳನ್ನೇ ನೋಡಿಕೊಂಡು, “ಹುಡುಗ ಅಷ್ಟು ಜನರ ಮುಂದೆ ಸುಳ್ಳು ಹೇಳ್ತಾನೇನೇ ವರ್ಲೀನ್? ನಾನೇ ಒಡೆದಿರ್ಬೇಕು, ಮರೆತುಹೋಗಿದೆ” ಅಂದ. ನಿನ್ನೆ ಊಟಕ್ಕೆ ಮುಂಚಿನ ಪ್ರಾರ್ಥನೆಯಲ್ಲಿ ಆ ತಪ್ಪಿಗೆ ದೇವರ ಕ್ಷಮೆಯನ್ನೂ ಕೇಳಿದ.

ಊರಿನವರ ಸನ್ಮಾನಕ್ಕೆ ಬರುತ್ತೀಯಂತೆ. ಬಾ, ಮೇಯರ್ ಕೈ ಕುಲುಕು, ಹಾಡು. ಅದಕ್ಕೂ ಮೊದಲು ಮನೆಗೆ ಬಂದು, “ನೀನು ಒಡೀಲಿಲ್ಲಪ್ಪಾ” ಅಂತ ಅವನಿಗೆ ಹೇಳು. ನನಗೇನೂ ಹೇಳಬೇಡ. ನೀನು ಹೋಗುವವರೆಗೆ ನಾನು ಹಿತ್ತಲಿನಲ್ಲಿ ಇರುತ್ತೇನೆ. ನಿನ್ನ ಮುಖ ನೋಡುವ ಆಸೆ ನನಗಿಲ್ಲ.

ವರ್ಲೀನ್ ರಡ್